ತೋಳಿನ ಹಚ್ಚೆ ಎರಡೇ ಸಿಟ್ಟಿಂಗ್‌ನಲ್ಲಿ ಹೋಗುತ್ತದೆಯೇ?

ಪ್ರಶ್ನೆ: ನನಗೆ 21 ವರ್ಷ, ಎಣ್ಣೆಗೆಂಪು ಬಣ್ಣ. ಬಲತೋಳಿನ ಮೇಲೆ ಕಪ್ಪು ಅಕ್ಷರದಲ್ಲಿ ಒಂದು ಹೆಸರು, ಪಕ್ಕದಲ್ಲಿ ಕೆಂಪು ಹೃದಯದ ಟ್ಯಾಟೂ ಇದೆ. ಸೇನಾ ಭರ್ತಿಗೆ ಮೂರು ತಿಂಗಳಿರುವುದರಿಂದ ತೆಗೆಸಬೇಕು. ಎರಡೇ ಸಿಟ್ಟಿಂಗ್‌ನಲ್ಲಿ ಲೇಸರ್‌ನಿಂದ ಅಳಿಸುತ್ತೇವೆ ಎಂದು ಪಾರ್ಲರ್‌ನವರು ಹೇಳಿದ್ದಾರೆ. ಕಲೆ ಉಳಿಯುತ್ತದೆಯೇ? ಕೆಂಪು ಭಾಗ ಆಗಾಗ ತುರಿಸುತ್ತದೆ.

ಉತ್ತರ: ಕೊನೆಯಲ್ಲಿ ಬರೆದ ತುರಿಕೆಯಿಂದಲೇ ಶುರು ಮಾಡೋಣ. ಹಚ್ಚೆಯ ಬಣ್ಣಗಳಲ್ಲಿ ಹೆಚ್ಚು ಅಲರ್ಜಿ ತರುವುದು ಕೆಂಪು. ಆ ಜಾಗ ತುರಿಸುತ್ತಿದ್ದರೆ, ಉಬ್ಬಿದ್ದರೆ, ಚರ್ಮತಜ್ಞರು ನೋಡುವವರೆಗೆ ಲೇಸರ್ ಬೇಡ. ಲೇಸರ್ ಬಣ್ಣವನ್ನು ಪುಡಿ ಮಾಡಿ ಚದುರಿಸುತ್ತದೆ. ಆ ಪುಡಿಯಿಂದ ಮೈಯೆಲ್ಲ ಗಂಧೆ ಏಳಬಹುದು. ಅಪರೂಪಕ್ಕೆ ಉಸಿರೇ ಕಟ್ಟಬಹುದು.

ಕಪ್ಪು ಅಕ್ಷರಗಳು ಅಷ್ಟು ಕಷ್ಟವಲ್ಲ. ಅತಿ ಚಿಕ್ಕ ಮಿಡಿತಗಳಲ್ಲಿ ಬೆಳಕು ಹೊಡೆಯುವ ಕ್ಯೂ-ಸ್ವಿಚ್ಡ್ ಅಥವಾ ಪೀಕೋ ಎನ್‌ಡಿ-ಯಾಗ್ ಲೇಸರ್‌ನ 1064 ನ್ಯಾನೋಮೀಟರ್ ಕಿರಣ ನಮ್ಮ ಮೈಬಣ್ಣಕ್ಕೆ ಹೆಚ್ಚು ಸುರಕ್ಷಿತ. ಕೆಂಪಿಗೆ ಬೇಕಾದ 532ರ ಕಿರಣವನ್ನು ಮಾತ್ರ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಹೀರಿಕೊಳ್ಳುತ್ತದೆ. ಹೀಗಾಗಿ ಬಿಳಿಚಿದ ಅಥವಾ ಕಪ್ಪಾದ ಮಚ್ಚೆ ಉಳಿಯುವ ಭಯ ಅಲ್ಲಿ ಹೆಚ್ಚು. ಕಪ್ಪಾದದ್ದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಬಿಳಿಚಿದ್ದು ಕೆಲವರಲ್ಲಿ ಹಾಗೇ ಉಳಿದು, ಹೆಸರು ಹೋದರೂ ಅದರ ನೆರಳು ಓದಲು ಬರುತ್ತದೆ!

ಪಾರ್ಲರ್‌ನವರ ಯಂತ್ರ ಯಾವುದು ಎಂದು ಕೇಳಿ. ಕೂದಲು ತೆಗೆಯುವ ಲೇಸರ್ ಅಥವಾ ಐಪಿಎಲ್ (ಲೇಸರ್ ಅಲ್ಲದ, ತೀವ್ರ ಬೆಳಕಿನ ಯಂತ್ರ) ಆಗಿದ್ದರೆ ಎದ್ದು ಬನ್ನಿ. ಅವುಗಳ ಬೆಳಕಿನ ಮಿಡಿತ ಮಿಲಿಸೆಕೆಂಡುಗಳಷ್ಟು ದೀರ್ಘ. ಬಣ್ಣದ ಕಣ ಒಡೆಯುವ ಬದಲು ಕಾದು ಸುತ್ತಲಿನ ಚರ್ಮವನ್ನು ಸುಡುತ್ತದೆ.

ಎರಡು ಸಿಟ್ಟಿಂಗ್ ಎನ್ನುವುದು ಆಸೆ ತೋರಿಸುವ ಮಾತು. ವೃತ್ತಿಪರರು ಹಾಕಿದ ಹಚ್ಚೆಗೆ 6ರಿಂದ 10, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ನಡುವೆ 6ರಿಂದ 8 ವಾರ ಬಿಡಬೇಕು. ಒಡೆದ ಬಣ್ಣವನ್ನು ದೇಹ ಸಾಗಿಸಲು ಅಷ್ಟು ಸಮಯ ಹಿಡಿಯುತ್ತದೆ. ಬೇಗ ಆಗಲೆಂದು ಶಕ್ತಿ ಏರಿಸಿದರೆ, ನಡುವಿನ ವಾರಗಳನ್ನು ಕಡಿಮೆ ಮಾಡಿದರೆ, ನೀರ್ಗುಳ್ಳೆ ಆಳವಾಗಿ ಗಾಯದ ಕಲೆ ಕೂರುತ್ತದೆ. ಮೂರು ತಿಂಗಳಲ್ಲಿ ಹಚ್ಚೆ ತೆಳುವಾದೀತು, ಮಾಯವಾಗದು. ಯಾವ ಭಾಗದ ಹಚ್ಚೆಗೆ ಅವಕಾಶವಿದೆ ಎಂದು ಭರ್ತಿ ಪ್ರಕಟಣೆಯಲ್ಲೇ ಓದಿ ನಿರ್ಧರಿಸಿ.

ಚಿಕ್ಕಂದಿನ ಬಿಸಿಜಿ ಲಸಿಕೆಯ ಗುರುತು ದಪ್ಪಗೆ ಉಬ್ಬಿದೆಯೇ, ಮುಟ್ಟಿ ನೋಡಿ. ಉಬ್ಬಿದ್ದರೆ ಕೀಲಾಯ್ಡ್ (ಗಾಯದ ಕಲೆ ಮಿತಿಮೀರಿ ಉಬ್ಬಿ ಬೆಳೆಯುವುದು) ಆಗುವ ಮೈ ಇರಬಹುದು. ತೋಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಚರ್ಮತಜ್ಞರಿಗೆ ಹೇಳಿ. ಮೊದಲು ಹಚ್ಚೆಯ ಒಂದು ಮೂಲೆಯಲ್ಲಿ ಪರೀಕ್ಷೆಗೆ ಲೇಸರ್ ಹೊಡೆಸಿ, ನಾಲ್ಕಾರು ವಾರ ಕಾಯಿರಿ.

ಲೇಸರ್ ಬಿದ್ದಾಗ ಒಗ್ಗರಣೆಗೆ ಸಾಸಿವೆ ಸಿಡಿದಂತೆ ಚಟಪಟ ಸದ್ದಾಗಿ ಅಕ್ಷರಗಳು ಬೆಳ್ಳಗಾಗುತ್ತವೆ. ಅದು ಅನಿಲದ ಗುಳ್ಳೆ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕ ನಿಮಗೂ ಕಡ್ಡಾಯ. ಮನೆಯಲ್ಲಿ ಸೌಮ್ಯ ಸೋಪಿನಿಂದ ತೊಳೆದು, ವ್ಯಾಸಲಿನ್ ಹಚ್ಚಿ, ಅಂಟದ ಗಾಜ್ ಕಟ್ಟಿ. ನೀರ್ಗುಳ್ಳೆ ಒಡೆಯಬೇಡಿ, ಹಕ್ಕಳೆ ಕೀಳಬೇಡಿ. ಓಟದ ಅಭ್ಯಾಸವನ್ನು ಗಾಯ ಮಾಯುವವರೆಗೆ ನಿಲ್ಲಿಸಿ. ಆಮೇಲೆ ಬಿಸಿಲಿಗೆ ಹೋದರೂ ತೋಳು ಮುಚ್ಚಿರಲಿ. ಕೀವು, ಜ್ವರ, ಹರಡುವ ಕೆಂಪು ಕಂಡರೆ ಅಂದೇ ವೈದ್ಯರಿಗೆ ತೋರಿಸಿ.