ನಾಲ್ಕು ಲೀಟರ್ ನೀರು ಮತ್ತು ಕಣ್ಣಂಚಿನ ಸುಕ್ಕು

ಪ್ರಶ್ನೆ: ನನಗೆ 42 ವರ್ಷ. ಕಣ್ಣಂಚಿನಲ್ಲಿ ಸುಕ್ಕು ಕಾಣಿಸಿಕೊಂಡ ಮೇಲೆ, ಕಳೆದ ಮೂರು ತಿಂಗಳಿಂದ ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯುತ್ತಿದ್ದೇನೆ. ಬೆಳಿಗ್ಗೆ ಒಂದು ಚಮಚ ಕೊಲಾಜನ್ (ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್) ಪುಡಿಯನ್ನೂ ಸೇವಿಸುತ್ತಿದ್ದೇನೆ. ಸುಕ್ಕು ಹಾಗೆಯೇ ಇದೆ, ರಾತ್ರಿ ಮೂರು ಸಲ ಏಳುವುದು ಮಾತ್ರ ಹೊಸದಾಗಿ ಸೇರಿಕೊಂಡಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಕುಡಿದ ನೀರು ನೇರವಾಗಿ ಮುಖಕ್ಕೆ ಹೋಗುವುದಿಲ್ಲ, ರಕ್ತಕ್ಕೆ ಸೇರಿ, ದೇಹಕ್ಕೆ ಬೇಕಾದಷ್ಟು ಬಳಕೆಯಾಗಿ, ಮಿಕ್ಕಿದ್ದನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ನಿಮ್ಮ ನಿದ್ದೆ ಕೆಡುತ್ತಿರುವುದು ಬಹುಶಃ ಅದರಿಂದಲೇ. ಬಾಯಾರಿಕೆಯಾದಾಗ ಕುಡಿಯಿರಿ, ಮೂತ್ರ ತಿಳಿಹಳದಿಯಾಗಿದ್ದರೆ ಸಾಕು. ನೀರು ಕಡಿಮೆ ಮಾಡಿದ ಮೇಲೂ ರಾತ್ರಿ ಏಳುವುದು ನಿಲ್ಲದಿದ್ದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ.

ಚರ್ಮದ ಹೊರಪದರದಲ್ಲಿ ರಕ್ತನಾಳಗಳಿಲ್ಲ. ಅಲ್ಲಿ ತೇವವನ್ನು ಹಿಡಿದಿಡುವ ಕೆಲಸದಲ್ಲಿ ದೊಡ್ಡ ಪಾಲು ಜೀವಕೋಶಗಳ ನಡುವೆ, ಇಟ್ಟಿಗೆಗಳ ನಡುವಿನ ಗಾರೆಯಂತೆ, ತುಂಬಿಕೊಂಡಿರುವ ಕೊಬ್ಬಿನ ಅಂಶದ್ದು. 1929ರಲ್ಲಿ ಅಮೆರಿಕದ ಸಂಶೋಧಕರಾದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು ನೋಡಿದಾಗ ಅವುಗಳ ಚರ್ಮದಲ್ಲಿ ಹೊಟ್ಟು ಏಳತೊಡಗಿತು. ಲಿನೋಲೆಯಿಕ್ ಆಮ್ಲವೆಂಬ ಕೊಬ್ಬಿನಂಶವಿರುವ ಎಣ್ಣೆ ಕೊಟ್ಟಾಗ ಸರಿಹೋಯಿತು. ತೆಳ್ಳಗಾಗುವ ಹಂಬಲದಲ್ಲಿ ಎಣ್ಣೆಯನ್ನು ಪೂರ್ತಿ ಬಿಟ್ಟು, ಒಣಗಿದ ಚರ್ಮಕ್ಕೆ ನೀರಿನಿಂದ ಪರಿಹಾರ ಹುಡುಕುವವರು ಈ ಸಂಗತಿಯನ್ನು ಗಮನಿಸಬೇಕು. ಬೀಜಗಳು, ಸಸ್ಯಜನ್ಯ ಎಣ್ಣೆಗಳು, ಮೀನು, ಇವು ಮಿತವಾಗಿ ಊಟದಲ್ಲಿರಲಿ.

ಇನ್ನು ಕೊಲಾಜನ್ ಪುಡಿ. ಅದೂ ಒಂದು ಪ್ರೋಟೀನ್ ಆದ್ದರಿಂದ ಹೊಟ್ಟೆಯಲ್ಲಿ ಮಿಕ್ಕ ಪ್ರೋಟೀನುಗಳಂತೆಯೇ ಅಮೈನೋ ಆಮ್ಲಗಳಾಗಿ ಮತ್ತು ಚಿಕ್ಕ ತುಣುಕುಗಳಾಗಿ ಒಡೆಯುತ್ತದೆ. ಅವು ಕಣ್ಣಂಚನ್ನೇ ಹುಡುಕಿಕೊಂಡು ಹೋಗುತ್ತವೆಂದು ನಂಬಲು ಕಾರಣವಿಲ್ಲ. ಚರ್ಮದ ತೇವ ಸ್ವಲ್ಪ ಹೆಚ್ಚಿತೆಂದು ಹೇಳುವ ಪ್ರಯೋಗಗಳಿವೆ, ಆದರೆ ಅವುಗಳಲ್ಲಿ ಹಲವು ಚಿಕ್ಕವು, ಪುಡಿ ಮಾರುವವರ ಹಣದಿಂದಲೇ ನಡೆದವು. ನನ್ನನ್ನು ಕೇಳಿದರೆ ಆ ಹಣವನ್ನು ಹಣ್ಣು ತರಕಾರಿಗೆ ಬಳಸಿ ಎನ್ನುತ್ತೇನೆ. ದೇಹ ತಾನೇ ಕೊಲಾಜನ್ ಹೆಣೆದುಕೊಳ್ಳುತ್ತದೆ, ಆ ಎಳೆಗಳು ಗಟ್ಟಿಯಾಗಲು ಸಿ ಜೀವಸತ್ವ ಬೇಕು. ಅದು ಬಹಳ ಕಾಲ ಸಿಗದಿದ್ದರೆ ಸ್ಕರ್ವಿ ಬಂದು ಒಸಡಿನಿಂದ ರಕ್ತ ಒಸರುತ್ತದೆ, ಗಾಯ ಮಾಯುವುದಿಲ್ಲ. ಆದರೆ ಅಗತ್ಯಕ್ಕಿಂತ ಹೆಚ್ಚು ತೆಗೆದುಕೊಂಡದ್ದು ಬಹುಪಾಲು ಮೂತ್ರದಲ್ಲೇ ಹೋಗುವುದರಿಂದ ಮಾತ್ರೆಯ ಪ್ರಮಾಣ ಏರಿಸುತ್ತಾ ಹೋಗುವುದು ವ್ಯರ್ಥ. ಕಿತ್ತಳೆ, ಪೇರಲ, ಹಸಿ ದೊಣ್ಣೆಮೆಣಸಿನಕಾಯಿ, ಇವುಗಳಲ್ಲಿ ಯಾವುದಾದರೊಂದು ದಿನವೂ ಇರಲಿ. ಈ ಜೀವಸತ್ವ ಬಿಸಿಗೆ ಕೆಡುತ್ತದೆ, ನೀರಿನಲ್ಲಿ ಕರಗುತ್ತದೆ, ಆದ್ದರಿಂದ ತರಕಾರಿಯನ್ನು ಬಹಳ ಹೊತ್ತು ಬೇಯಿಸಿ ನೀರು ಬಸಿದು ಚೆಲ್ಲಬಾರದು.

ರಕ್ತದಲ್ಲಿ ಸಕ್ಕರೆ ಸದಾ ಏರಿದ್ದರೆ ಅದು ಕೊಲಾಜನ್ ಎಳೆಗಳಿಗೆ ಅಂಟಿಕೊಂಡು ಅವುಗಳನ್ನು ಒಂದಕ್ಕೊಂದು ಬಿಗಿದು ಪೆಡಸಾಗಿಸುತ್ತದೆ. ಸಿಹಿ ಪಾನೀಯಗಳನ್ನು ಬಿಡಲು ಇದೂ ಒಂದು ಕಾರಣ. ಆದರೂ ಒಂದು ಮಾತನ್ನು ಮುಚ್ಚಿಡಬಾರದು: ನಿಮ್ಮ ಮುಂದೋಳಿನ ಒಳಬದಿಯನ್ನೂ ಹೊರಬದಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಊಟ ಒಂದೇ, ವಯಸ್ಸೂ ಒಂದೇ. ಒಳಬದಿ ನುಣುಪಾಗಿದ್ದರೆ ಆ ವ್ಯತ್ಯಾಸ ಬಹುಪಾಲು ಬಿಸಿಲಿನದು. ಕಣ್ಣಂಚಿನ ಸುಕ್ಕಿನ ಮಟ್ಟಿಗೆ ಟೋಪಿ ಮತ್ತು ಸನ್‌ಸ್ಕ್ರೀನ್ ಮಾಡುವಷ್ಟನ್ನು ಯಾವ ಆಹಾರವೂ ಮಾಡಲಾರದು.

ಪ್ರಶ್ನೆ: ಮುಖಕಾಂತಿಗೆಂದು ದಿನಕ್ಕೆರಡು ಲೋಟ ಕ್ಯಾರೆಟ್ ರಸ ಕುಡಿಯುತ್ತಿದ್ದ ನನ್ನ ಅಂಗೈ ಹಳದಿಯಾಗಿದೆ. ಕಾಮಾಲೆಯೇ?

ಉತ್ತರ: ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು ಕಣ್ಣಿನ ಬಿಳಿಭಾಗ ನೋಡಿಕೊಳ್ಳಿ. ಅದೂ ಹಳದಿಯಾಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಬಿಳಿಯಾಗಿಯೇ ಇದ್ದು, ಅಂಗೈ, ಅಂಗಾಲು, ಮೂಗಿನ ಪಕ್ಕ ಮಾತ್ರ ಬಣ್ಣ ತಿರುಗಿದ್ದರೆ ಅದು ಹೆಚ್ಚಾಗಿ ಚರ್ಮದಲ್ಲಿ ಸಂಗ್ರಹವಾದ, ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್; ರಸ ನಿಲ್ಲಿಸಿದ ಕೆಲವು ವಾರಗಳಲ್ಲಿ, ಒಮ್ಮೊಮ್ಮೆ ತಿಂಗಳುಗಳಲ್ಲಿ, ಮಾಸುತ್ತದೆ. ರಸದ ಬದಲು ಮಾತ್ರೆ ಆದೀತೆಂದು ಧೂಮಪಾನಿಗಳು ಯೋಚಿಸದಿರಲಿ: ಧೂಮಪಾನ ಮಾಡುವ ಪುರುಷರ ಮೇಲೆ ಫಿನ್ಲೆಂಡಿನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡಿತು.

ಪ್ರಶ್ನೆ: ಚರ್ಮ, ಕೂದಲು, ಉಗುರಿಗೆಂದು ಬಯೋಟಿನ್ (ಬಿ ಗುಂಪಿನ ಒಂದು ಜೀವಸತ್ವ) ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮುಂದಿನ ವಾರ ಥೈರಾಯ್ಡ್ ಪರೀಕ್ಷೆಯಿದೆ. ಹೇಳಬೇಕೇ?

ಉತ್ತರ: ಖಂಡಿತ ಹೇಳಬೇಕು. ವಯಸ್ಕರಿಗೆ ದಿನಕ್ಕೆ 30 ಮೈಕ್ರೋಗ್ರಾಂ ಬಯೋಟಿನ್ ಸಾಕು. ಇಂಥ ಮಾತ್ರೆಗಳಲ್ಲಿ 5000 ಅಥವಾ 10000 ಮೈಕ್ರೋಗ್ರಾಂ ಇರುವುದುಂಟು. ಅಷ್ಟು ಪ್ರಮಾಣವು ಕೆಲವು ರಕ್ತಪರೀಕ್ಷೆಗಳ ವಿಧಾನವನ್ನೇ ದಾರಿತಪ್ಪಿಸುವುದರಿಂದ, ಥೈರಾಯ್ಡ್ ಸರಿಯಿದ್ದವರಿಗೂ ಅದು ಅತಿಯಾಗಿ ಕೆಲಸ ಮಾಡುತ್ತಿದೆ ಎಂಬ ವರದಿ ಬರಬಹುದು. ಎಷ್ಟು ದಿನ ಮೊದಲೇ ಮಾತ್ರೆ ನಿಲ್ಲಿಸಬೇಕೆಂದು ವೈದ್ಯರನ್ನು ಇವತ್ತೇ ಕೇಳಿ, ರಕ್ತ ಕೊಡುವಾಗ ಪ್ರಯೋಗಾಲಯದವರಿಗೂ ತಿಳಿಸಿ.