ಮಾವಶಿ ಕಿತ್ತೆಸೆದ ಗಿಡ

ಪುಣೆ ಕೋಥ್ರೂಡದ ಅಕ್ಕಾವರಿಗೆ ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ‘ನಮ್ಮ ಬಾಲ್ಕನಿಯಲ್ಲಿ ಅಪರೂಪದ ಋಷಿಪತ್ರೆ’ ತಲುಪಿತು. ಹದಿನಾಲ್ಕು ಪುಟ. ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ಆದರೂ ಒಂಬತ್ತನೇ ಪುಟದಲ್ಲಿ ನಾಲ್ಕು ಸಾಲು ಬರೆದಿದ್ದೀರಲ್ಲ, ಅದಕ್ಕಾಗಿ ಈ ಕಾಗದ.

ಮೊದಲು ಹೆಸರಿನ ರಗಳೆ ಮುಗಿಸೋಣ. ಇಂಗ್ಲಿಷಿನ ‘ಸೇಜ್’ ಎಂಬುದನ್ನು ಋಷಿ ಮಾಡಿ, ಅಗಸ್ತ್ಯರಿಂದ ಹಿಡಿದು ಎರಡು ಪುಟ ಪುರಾಣ ಹೇಳಿದ್ದೀರಿ. ಗಿಡದ ಸೇಜ್ ಬಂದದ್ದು ಲ್ಯಾಟಿನ್ನಿನ ‘ಸಾಲ್ವಿಯಾ’ದಿಂದ, ಫ್ರೆಂಚರ ಬಾಯಲ್ಲಿ ಸವೆದು. ಅದರ ಮೂಲದಲ್ಲಿರುವುದು ಕ್ಷೇಮ, ಆರೋಗ್ಯ ಎಂಬ ಅರ್ಥ. ಜ್ಞಾನಿಯ ಸೇಜ್ ಬೇರೆಯೇ ಧಾತುವಿನದು. ಅಗಸ್ತ್ಯರನ್ನು ಅವರ ಪಾಡಿಗೆ ಬಿಟ್ಟುಬಿಡಿ.

‘ಅಪರೂಪ’ವೂ ಹಾಗೇ. ನೀವು ಕಳಿಸಿದ ಫೋಟೋದಲ್ಲಿ ಚೌಕ ದಂಟಿದೆ, ಸುಕ್ಕುಗಟ್ಟಿದ ಎಲೆಯಿದೆ, ಅಕ್ಕಿಕಾಳಿನಷ್ಟು ತಿಳಿನೇರಳೆ ಹೂವಿದೆ, ಹೂವಿನೊಳಗೆ ಎರಡೇ ಕೇಸರ. ತುಳಸಿಗಾದರೆ ನಾಲ್ಕು ಇರುತ್ತವೆ. ನೀವೇ ಬರೆದಂತೆ ಇದು ಸಾಲ್ವಿಯಾ ಪ್ಲೀಬಿಯಾ ಇರಬಹುದು. 1810ರಲ್ಲಿ ರಾಬರ್ಟ್ ಬ್ರೌನ್ ಇಟ್ಟ ಹೆಸರು. ಪ್ಲೀಬಿಯಾ ಅಂದರೇನು ಗೊತ್ತೇ? ಸಾಮಾನ್ಯ ಮಂದಿಯದು! ನಮ್ಮಲ್ಲಿಂದ ಚೀನಾ, ಆಸ್ಟ್ರೇಲಿಯಾದವರೆಗೂ ಹಸಿ ನೆಲ ಸಿಕ್ಕಲ್ಲಿ ಏಳುವ ಗಿಡ. ಅಪರೂಪ ಅಂತ ಅಚ್ಚು ಹಾಕಿದರೆ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರ ಬೈಗುಳದ ಪತ್ರ ನನಗೆ ಬರುತ್ತದೆ, ನಿಮಗಲ್ಲ. ಹಾಗಂತ ಫೋಟೋ ನೋಡಿ ನಾನು ಹೇಳಿದ್ದನ್ನೂ ನಂಬಬೇಡಿ. ಹೂವಿರುವ ಟೊಂಗೆಯೊಂದನ್ನು ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಿ, ಕೋರೆಗಾಂವ್ ರಸ್ತೆಯ ಭಾರತೀಯ ಸಸ್ಯ ಸರ್ವೇಕ್ಷಣೆಯ ಕಚೇರಿಗೆ ಒಯ್ದು ತೋರಿಸಿ. 1955ರಿಂದ ಪುಣೆಯಲ್ಲೇ ಇದೆ. ಒಣಗಿಸಿದ ಗಿಡಗಳ ದೊಡ್ಡ ಸಂಗ್ರಹ ಅವರ ಬಳಿ ಇದೆ.

ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲ ವಾಸಿಯಾಗುತ್ತದೆ ಎಂಬ ಪುಟಗಳನ್ನು ನಾನೇ ಹೊಡೆದುಹಾಕಿದ್ದೇನೆ. ಇದರಲ್ಲಿ ಚರ್ಚೆಯಿಲ್ಲ.

ಈಗ ಒಂಬತ್ತನೇ ಪುಟ, ನಿಮ್ಮ ಮನೆಗೆಲಸದ ಮಾವಶಿಯದು. ‘ಮಾವಶಿ ಬಕೆಟ್ ತೊಳೆದು ಬೋರಲು ಹಾಕಿದ್ದಳು. ಗಿಡ ಎಲ್ಲಿ ಅಂದೆ. ತಣ ಹೋತಂ ತಾಈ (ಕಳೆ ಇತ್ತು ಅಕ್ಕಾ), ಅಂದಳು. ಕಚರಾ ಡಬ್ಬಿಗೆ ಕೈಹಾಕಿದೆ. ಬೇರಿನ ಮಣ್ಣು ಇನ್ನೂ ಒದ್ದೆಯಿತ್ತು.’ ಅಕ್ಕಾವರೇ, ಓದುತ್ತ ಓದುತ್ತ ನನ್ನ ಕೈಯೂ ಆ ಡಬ್ಬಿಯೊಳಗಿತ್ತು. ಆದರೆ ನೀವು? ‘ಹೀಗೆ ಅನೇಕ ಅಡೆತಡೆಗಳ ನಡುವೆಯೂ’ ಅಂತ ಮುಂದಕ್ಕೆ ಹಾರಿಬಿಟ್ಟಿರಿ. ಆ ಗಿಡ ಮತ್ತೆ ನೆಟ್ಟಿರೋ, ಬದುಕಿತೋ? ಮಾವಶಿ ಮರುದಿನ ಬಂದು ಏನಂದಳು? ಮುಂದಿನ ಪ್ಯಾರಾದಲ್ಲಿ ಅವಳದ್ದು ‘ಅಜ್ಞಾನ’ ಎಂದಿದ್ದೀರಿ, ಅದು ನನಗೆ ಹಿಡಿಸಲಿಲ್ಲ. ಹೊಲದಲ್ಲಿ ಅದು ಕಳೆಯೇ. ಊರಲ್ಲಿ ಬದುವಿನಗುಂಟ ಎಷ್ಟು ಸಲ ಕಿತ್ತಿದ್ದಾಳೋ, ನಿಮಗಿಂತ ಮೊದಲು ಅವಳಿಗೆ ಆ ಗಿಡದ ಗುರುತು. ಅವಳ ಊರಲ್ಲಿ ಅದಕ್ಕೇನು ಹೆಸರು ಅಂತ ಕೇಳಿದ್ದೀರಾ?

ಬೀಜ ತಂದ ಜಾಗವೂ ಒಂದೇ ಸಾಲಿನಲ್ಲಿ ಮುಗಿದಿದೆ: ಝೆಡ್ ಬ್ರಿಜ್ ಹತ್ತಿರ ಮುಠಾ ನದಿಯ ದಂಡೆ, ಮರುವರ್ಷ ಹೋದರೆ ಅಲ್ಲಿ ಜೆಸಿಬಿ. ಜಗತ್ತಿಗೆಲ್ಲ ಸಾಮಾನ್ಯವಾದ ಗಿಡ ನಿಮ್ಮ ಕಣ್ಣಿಗೆ ಅಪರೂಪವಾದದ್ದು ಅಲ್ಲೇ ಇರಬೇಕು. ನೋಡಿ ಬರೆಯಿರಿ.

ಬೆಳೆಸುವ ಭಾಗದಲ್ಲಿ ‘ಹದವಾಗಿ ನೀರುಣಿಸಿ’ ಅಂದಿದ್ದೀರಿ. ಯಾರ ಹದ? ಪೇಂಟಿನ ಬಕೆಟ್ಟಿಗೆ ಎಷ್ಟು ತೂತು, ದಿನಕ್ಕೆ ಎಷ್ಟು ಮಗ್, ಬೀಜ ಉದುರಿಸಿದ್ದು ಗಣಪತಿ ಹಬ್ಬಕ್ಕೋ ದೀಪಾವಳಿಗೋ, ಅದನ್ನು ಹೇಳಿ. ಡೊಂಬಿವಲಿಯ ನಮ್ಮ ಬಾಲ್ಕನಿಯಲ್ಲಿ ನಾನೊಮ್ಮೆ ಕಾಮಕಸ್ತೂರಿ ಬೀಜವನ್ನು ಅವರೆಕಾಳಿನ ಹಾಗೆ ಬೆರಳುದ್ದ ಆಳಕ್ಕೆ ಹುಗಿದು ತಿಂಗಳುಗಟ್ಟಲೆ ಕಾದಿದ್ದೆ. ಇಂಥ ಪುಡಿ ಬೀಜವನ್ನು ಮರಳಲ್ಲಿ ಬೆರೆಸಿ ಮಣ್ಣಿನ ಮೇಲೆ ಉದುರಿಸಿದರೆ ಸಾಕು ಅಂತ ಆಗ ಯಾರೂ ಹೇಳಿರಲಿಲ್ಲ.

ಮೂರು ಪುಟಕ್ಕೆ ಇಳಿಸಿ, ಕಚರಾ ಡಬ್ಬಿಯಿಂದ ಶುರು ಮಾಡಿ ಕಳಿಸಿ. ಅವಸರವಿಲ್ಲ. ಆದರೆ ಮಾವಶಿ ಏನು ಹೆಸರು ಹೇಳಿದಳು ಅನ್ನುವುದನ್ನು ಮಾತ್ರ ಲೇಖನ ಮುಗಿಯುವವರೆಗೆ ಇಟ್ಟುಕೊಳ್ಳದೆ ಒಂದು ಫೋನ್ ಮಾಡಿ ತಿಳಿಸಿ.