‘ನಾಳೆ ಬರುತ್ತೇನೆ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ರೂಪ?

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿ ಈಗ ರಾಜಾಜಿನಗರದ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೇನೆ. ನಾಳೆ ಗ್ರಾಹಕರನ್ನು ಕಾಣುತ್ತೇನೆ ಎನ್ನಲು ‘ಐ ವಿಲ್ ಮೀಟ್ ದಿ ಕ್ಲೈಂಟ್ ಟುಮಾರೋ’ ಎಂದು ಬರೆದರೆ ಮೇಲಧಿಕಾರಿಗಳು ಅದನ್ನು ‘ಐ ಆಮ್ ಮೀಟಿಂಗ್’ ಎಂದು ತಿದ್ದುತ್ತಾರೆ. ಮಗಳ ಶಾಲೆಯ ವ್ಯಾಕರಣ ಪುಸ್ತಕದಲ್ಲಿ ‘ಗೋಯಿಂಗ್ ಟು’ ಎಂಬ ಇನ್ನೊಂದು ರೂಪವೂ ಇದೆ. ಕನ್ನಡದಲ್ಲಿ ಒಂದೇ ಮಾತಿನಲ್ಲಿ ಮುಗಿಯುವುದಕ್ಕೆ ಇಂಗ್ಲಿಷಿನಲ್ಲಿ ಇಷ್ಟು ರೂಪಗಳೇಕೆ?
— ಓದುಗರು, ಬಸವೇಶ್ವರನಗರ, ಬೆಂಗಳೂರು

ಉತ್ತರ: ನೀವು ಬರೆದ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮೂರು ರೂಪಗಳೂ ಅದೇ ‘ನಾಳೆ’ಯನ್ನೇ ಹೇಳುತ್ತವೆ. ನಾಳೆಯ ಆ ಕೆಲಸಕ್ಕೆ ಇಂದು ಯಾವ ಆಧಾರವಿದೆ ಎಂಬಲ್ಲಿ ಅವು ಬೇರೆಯಾಗುತ್ತವೆ.

ಕಚೇರಿಯಲ್ಲಿ ಫೋನ್ ಬಾರಿಸುತ್ತದೆ, ಯಾರೂ ಏಳುವುದಿಲ್ಲ, ನೀವು ‘ಐ ವಿಲ್ ಟೇಕ್ ಇಟ್’ ಎನ್ನುತ್ತೀರಿ. ನಿರ್ಧಾರ ಹುಟ್ಟಿದ್ದು ಆ ಮಾತಿನ ಜೊತೆಗೇ. ಮಾತು ಕೊಡುವಾಗಲೂ ‘ವಿಲ್’ ಬರುವುದು ಇದರಿಂದಲೇ. ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡದ್ದಾದರೆ ‘ಗೋಯಿಂಗ್ ಟು’ ಬರುತ್ತದೆ. ‘ಐ ಆಮ್ ಗೋಯಿಂಗ್ ಟು ಲರ್ನ್ ಟ್ಯಾಲಿ’ ಎಂಬುದು ಕನ್ನಡದ ‘ಟ್ಯಾಲಿ ಕಲಿಯಬೇಕೆಂದಿದ್ದೇನೆ’ ಎಂಬ ಮಾತಿಗೆ ಸಮ. ಗ್ರಾಹಕರೊಡನೆ ಮಾತನಾಡಿ, ವೇಳೆ ಗೊತ್ತುಮಾಡಿ, ಇಬ್ಬರೂ ಒಪ್ಪಿದ್ದರೆ ಅದು ‘ಐ ಆಮ್ ಮೀಟಿಂಗ್’ ಆಗುತ್ತದೆ. ನಿಮ್ಮ ಮೇಲಧಿಕಾರಿಗಳು ತಿದ್ದಿದ್ದು ಬಹುಶಃ ಈ ಕಾರಣಕ್ಕೆ: ಭೇಟಿ ನಿಗದಿಯಾಗಿದೆ ಎಂಬ ಸಂಗತಿ ನಿಮ್ಮ ವಾಕ್ಯದಿಂದ ತಿಳಿಯುತ್ತಿರಲಿಲ್ಲ.

ಈ ಭೇದ ಮನಸ್ಸಿನಲ್ಲಿ ನಿಲ್ಲಬೇಕಾದರೆ ಮಳೆಯ ಉದಾಹರಣೆಯೇ ಒಳ್ಳೆಯದು. ಮೇ ತಿಂಗಳ ಮಧ್ಯಾಹ್ನ ಕೆಂಗೇರಿಯ ಕಡೆಯಿಂದ ಮೋಡ ಕಪ್ಪಾಗಿ ಏರಿ ಬರುವುದನ್ನು ಕಂಡವರು ‘ಇಟ್ ಈಸ್ ಗೋಯಿಂಗ್ ಟು ರೇನ್’ ಎನ್ನಬೇಕು. ಕಣ್ಣೆದುರಿಗೆ ಕುರುಹು ಇದೆ, ನಾವೂ ಆಗ ‘ಮಳೆ ಬರುವ ಹಾಗಿದೆ’ ಎನ್ನುತ್ತೇವೆ. ಕುರುಹಿಲ್ಲದೆ ಬರಿಯ ಅಂದಾಜಿನಿಂದ ಹೇಳಿದರೆ ‘ಇಟ್ ವಿಲ್ ರೇನ್’ ಸಾಕು. ಆದರೆ ‘ಇಟ್ ಈಸ್ ರೇನಿಂಗ್ ಟುಮಾರೋ’ ಎಂದು ಯಾರೂ ಹೇಳುವುದಿಲ್ಲ, ಏಕೆಂದರೆ ಮಳೆಯೊಡನೆ ವೇಳೆ ಗೊತ್ತುಮಾಡಿಕೊಳ್ಳುವುದು ಯಾರಿಂದಲೂ ಆಗದು. ವೇಳಾಪಟ್ಟಿಗೆ ಕಟ್ಟುಬಿದ್ದ ರೈಲು, ಪರೀಕ್ಷೆ, ಚಿತ್ರಪ್ರದರ್ಶನಗಳಿಗೆ ‘ದಿ ಟ್ರೇನ್ ಲೀವ್ಸ್ ಅಟ್ ಸಿಕ್ಸ್’ ಎಂಬ ಸಾದಾ ವರ್ತಮಾನವೇ ನಡೆಯುತ್ತದೆ.

ಕನ್ನಡದಲ್ಲಿ ಒಂದೇ ಮಾತು ಎಂದಿರಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ. ‘ಬರುತ್ತೇನೆ’, ‘ಬರಬೇಕೆಂದಿದ್ದೇನೆ’, ‘ಬರುವವಳಿದ್ದೇನೆ’, ‘ಬಂದೇನು’ ಎಂಬ ನಾಲ್ಕನ್ನೂ ನಾವು ತಡವರಿಸದೆ ಬೇರೆ ಬೇರೆ ಸಂದರ್ಭಗಳಲ್ಲಿ ಬಳಸುತ್ತೇವೆ. ‘ಮಳೆ ಬಂದೀತು, ಕೊಡೆ ತೆಗೆದುಕೊಂಡು ಹೋಗು’ ಎನ್ನುವ ಅಜ್ಜಿಯ ಮಾತಿನಲ್ಲಿ ಭವಿಷ್ಯವೂ ಇದೆ, ಸಂದೇಹವೂ ಇದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಮೇ’ ಅಥವಾ ‘ಮೈಟ್’ ಬೇಕು. ಪಠ್ಯಪುಸ್ತಕಗಳು ದೊಡ್ಡ ಹೆಸರಿಟ್ಟು ಹೆದರಿಸುವ ಉಳಿದೆರಡು ರೂಪಗಳಂತೂ ನಮ್ಮಲ್ಲಿ ಹಾಗೆಯೇ ಇವೆ. ‘ಐ ವಿಲ್ ಬಿ ಟ್ರಾವೆಲಿಂಗ್’ ಎಂದರೆ ‘ಪ್ರಯಾಣ ಮಾಡುತ್ತಿರುತ್ತೇನೆ’, ‘ಐ ವಿಲ್ ಹ್ಯಾವ್ ಫಿನಿಶ್ಡ್ ಬೈ ಫ್ರೈಡೇ’ ಎಂದರೆ ‘ಶುಕ್ರವಾರದೊಳಗೆ ಮುಗಿಸಿರುತ್ತೇನೆ’. ಮಗಳಿಗೆ ಹೇಳಿಕೊಡುವಾಗ ಕನ್ನಡದ ಈ ರೂಪಗಳಿಂದಲೇ ಆರಂಭಿಸಿರಿ.

ಪ್ರಶ್ನೆ: ‘ವೆನ್ ಐ ವಿಲ್ ರೀಚ್ ಮೆಜೆಸ್ಟಿಕ್, ಐ ವಿಲ್ ಕಾಲ್ ಯು’ ಎಂಬ ವಾಕ್ಯ ತಪ್ಪೆಂದು ಗೆಳೆಯರು ಹೇಳುತ್ತಾರೆ. ಎರಡೂ ಕೆಲಸ ಮುಂದೆ ಆಗುವಂಥವೇ ಅಲ್ಲವೇ?
— ಓದುಗರು, ಯಲಹಂಕ, ಬೆಂಗಳೂರು

ಉತ್ತರ: ಗೆಳೆಯರು ಹೇಳಿದ್ದು ಸರಿ; ‘ವೆನ್ ಐ ರೀಚ್’ ಎಂದಾಗಬೇಕು. ‘ವೆನ್’, ‘ಇಫ್’, ‘ಆಫ್ಟರ್’, ‘ಅಂಟಿಲ್’ ಮೊದಲಾದವುಗಳಿಂದ ಆರಂಭವಾಗಿ ಸಮಯವನ್ನೋ ಷರತ್ತನ್ನೋ ಹೇಳುವ ಉಪವಾಕ್ಯದಲ್ಲಿ ಸಾಮಾನ್ಯವಾಗಿ ‘ವಿಲ್’ ಬರುವುದಿಲ್ಲ. ಮುಖ್ಯ ವಾಕ್ಯದ ‘ವಿಲ್’ ಒಂದೇ ಎರಡಕ್ಕೂ ಭವಿಷ್ಯದ ಅರ್ಥ ಕೊಡುತ್ತದೆ. ನಾವಾದರೂ ‘ಮೆಜೆಸ್ಟಿಕ್ ತಲುಪಿದ ಮೇಲೆ ಫೋನ್ ಮಾಡುತ್ತೇನೆ’, ‘ಮಳೆ ಬಂದರೆ ಬರುವುದಿಲ್ಲ’ ಎನ್ನುತ್ತೇವೆಯೇ ಹೊರತು ಆ ಮೊದಲ ಭಾಗಗಳಿಗೆ ಭವಿಷ್ಯದ ರೂಪ ಹಚ್ಚುವುದಿಲ್ಲ. ‘ತಲುಪಿದ’, ‘ಬಂದರೆ’ ಎಂಬವು ನಿಂತಿರುವುದು ಭೂತಕಾಲದ ಧಾತುರೂಪದ ಮೇಲೆ. ಇಂಗ್ಲಿಷ್ ಅಲ್ಲಿ ವರ್ತಮಾನವನ್ನು ಬಳಸುತ್ತದೆ, ಅಷ್ಟೇ. ಆದರೆ ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’ ಎಂಬುದು ಸರಿಯಾದ ವಾಕ್ಯ, ಏಕೆಂದರೆ ಅಲ್ಲಿನ ‘ವೆನ್’ ‘ಯಾವಾಗ’ ಎಂಬ ಪ್ರಶ್ನೆ, ‘ಆಗ’ ಎಂಬ ಜೋಡಣೆಯಲ್ಲ.

ಪ್ರಶ್ನೆ: ನಮ್ಮ ಬಾಡಿಗೆ ಕರಾರಿನ ತುಂಬ ‘ಶಲ್’ ಇದೆ. ಅದೂ ‘ವಿಲ್’ ಒಂದೇ ಅಲ್ಲವೇ?
— ಓದುಗರು, ಜಯನಗರ, ಬೆಂಗಳೂರು

ಉತ್ತರ: ಹಳೆಯ ಇಂಗ್ಲಿಷಿನಲ್ಲಿ ‘ವಿಲ್’ ಎಂಬುದರ ಮೂಲ ಬಯಕೆಯನ್ನೂ ‘ಶಲ್’ ಎಂಬುದರ ಮೂಲ ಋಣವನ್ನೂ ಸೂಚಿಸುತ್ತಿತ್ತು. ‘ಐ’, ‘ವಿ’ಗಳಿಗೆ ‘ಶಲ್’, ಉಳಿದವರಿಗೆ ‘ವಿಲ್’ ಎಂಬ ಶಾಲಾ ನಿಯಮವನ್ನು ಜಾನ್ ವಾಲಿಸ್ 1653ರಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಕಾಣಬಹುದು. ಇಂದಿನ ಬಳಕೆಯಲ್ಲಿ ಅದನ್ನು ಪಾಲಿಸುವವರು ಕಡಿಮೆ. ಈಗ ‘ಶಲ್’ ಮುಖ್ಯವಾಗಿ ಎರಡು ಕಡೆ ಉಳಿದಿದೆ. ‘ಶಲ್ ಐ ಓಪನ್ ದಿ ವಿಂಡೋ?’ ಎಂಬುದು ನಮ್ಮ ‘ಕಿಟಕಿ ತೆರೆಯಲೇ?’ ಎಂಬ ಮಾತು. ಕರಾರಿನಲ್ಲಿರುವುದು ಹಳೆಯ ಋಣದ ಅರ್ಥಕ್ಕೆ ಹತ್ತಿರವಾದದ್ದು: ‘ದಿ ಟೆನೆಂಟ್ ಶಲ್ ಪೇ’ ಎಂಬುದನ್ನು ‘ಬಾಡಿಗೆದಾರರು ಪಾವತಿಸುತ್ತಾರೆ’ ಎಂದು ಓದಬೇಡಿ, ‘ಪಾವತಿಸತಕ್ಕದ್ದು’ ಎಂದು ಓದಿಕೊಂಡು ನಂತರ ಸಹಿ ಹಾಕಿರಿ.